ಗೂಡಿನ ಮುಂದೆ ಕಾಯುವ ತಾಳ್ಮೆ ಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮೂರ ಕೆರೆ ಏರಿಯ ಮೇಲೆ ಹೋಗುತ್ತಿದ್ದೆ. ಜಾಲಿ ಮರದಲ್ಲಿ ಗೀಜಗನ ಗೂಡುಗಳು ತೂಗಾಡುತ್ತಿದ್ದವು. ದೊಡ್ಡ ಲೆನ್ಸ್ ಹಿಡಿದ ನಾಲ್ಕೈದು ಜನ ಅಡ್ಡ ಬಂದ ಕೊಂಬೆಯನ್ನು ಕತ್ತರಿಸಿದರು. ಆಮೇಲೆ ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿದರು. ಗಂಡು ಗೀಜಗ ನೇಯುವುದನ್ನು ಬಿಟ್ಟು ಗಾಬರಿಯಿಂದ ಅತ್ತಿತ್ತ ಹಾರಿತು. ನೋಡಿ ತುಂಬಾ ಸಂಕಟವಾಯಿತು.

ಈ ಹಕ್ಕಿ ಹುಲ್ಲಿನ ಎಳೆ ಸೀಳಿ ತಂದು, ಕೊಕ್ಕಿನಲ್ಲೇ ಗಂಟು ಹಾಕಿ, ಗೂಡನ್ನು ಅರ್ಧ ಕಟ್ಟುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಪೂರ್ತಿ ಮಾಡುತ್ತದೆ. ಒಪ್ಪದಿದ್ದರೆ ಇನ್ನೊಂದು ಗೂಡು ಶುರು. ಅರ್ಧ ಗಂಟೆ ಕೂತು ಇದನ್ನು ನೋಡಿದವರಿಗೆ ಕೊಂಬೆ ಕತ್ತರಿಸುವ ಮನಸ್ಸಾದರೂ ಹೇಗೆ ಬರುತ್ತದೆ? ಅಂಥ ನೇಕಾರ ಅದು!

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ನಮ್ಮ ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಫಿಲ್ಮ್ ಕಾಲದಲ್ಲಿ ಕಾಡು ಸುತ್ತಿದವರು. ಆಗ ಒಂದು ರೋಲಿಗೆ ಸಿಗುತ್ತಿದ್ದದ್ದು ಜಾಸ್ತಿ ಎಂದರೆ 36 ಚಿತ್ರ. ಹಾಗಾಗಿ ಕಾಯಲೇಬೇಕಿತ್ತು. ಕಾಯುತ್ತಾ ಕೂತರೆ ಪ್ರಾಣಿಯ ಸ್ವಭಾವವೂ ತಿಳಿಯುತ್ತದೆ, ಬೆಳಕು ಬದಲಾಗುವುದೂ ಕಾಣುತ್ತದೆ. ಚಿತ್ರ ಮೊದಲು ಮನಸ್ಸಿನಲ್ಲೇ ಮೂಡುವುದು ಆಗ ಅಲ್ವಾ?

ಡಿಜಿಟಲ್ ಕ್ಯಾಮೆರಾದ ಮೇಲೆ ನನಗೆ ದೂರಿಲ್ಲ. ಅದರಿಂದಲೇ ಎಷ್ಟೋ ಹುಡುಗ ಹುಡುಗಿಯರು ಹಕ್ಕಿಗಳ ಹೆಸರು ಕಲಿತಿದ್ದಾರೆ. ಆದರೆ ಗೂಡಿನ ಹತ್ತಿರ ಹೋಗಿ ತೆಗೆದ ಚಿತ್ರಗಳನ್ನು ಸ್ಪರ್ಧೆ ನಡೆಸುವವರು ತೆಗೆದುಕೊಳ್ಳಬಾರದು. ನಿಮ್ಮ ಪತ್ರಿಕೆಯೂ ಅಂಥ ಚಿತ್ರಗಳನ್ನು ಪ್ರಕಟಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

– ಒಬ್ಬ ಓದುಗ, ಮಂಡ್ಯ