ಫಾರಂ ಏಳಕ್ಕಿಂತ ಮೊದಲು ಇದ್ದವರಿಗೆ

2024ರ ಮಾರ್ಚ್ 1ಕ್ಕೆ, ಕರ್ನಾಟಕದ ಗೇಣಿ ಜಮೀನುಗಳೆಲ್ಲ (ಧಣಿಯ ಹೆಸರಲ್ಲಿದ್ದು ಬೇರೆಯವರು ಉಳುತ್ತಿದ್ದವು) ಸರ್ಕಾರದಲ್ಲಿ ನಿಹಿತವಾಗಿ, ಅಂದರೆ ಸರ್ಕಾರದ ಒಡೆತನಕ್ಕೆ ಬಂದು, 50 ವರ್ಷ ತುಂಬಿತು. ಅದಕ್ಕೆ ಒಂದು ವರ್ಷ ಮೊದಲು, 2023ರ ಮಾರ್ಚ್ 14ಕ್ಕೆ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಹುಟ್ಟಿ 100 ವರ್ಷವಾಗಿತ್ತು. ಉಳುವವನ ಹೆಸರಿಗೆ ಪಹಣಿ ಬಂದ ಮನೆಗಳ ಪರವಾಗಿ ಈ ಎರಡಕ್ಕೂ ಸೇರಿಸಿ ಒಂದೇ ಕೃತಜ್ಞತೆ ಹೇಳುತ್ತಿದ್ದೇವೆ. ಕಾನೂನು ಮಾಡಿದ ದೇವರಾಜ ಅರಸರ ಸರ್ಕಾರಕ್ಕೆ ಋಣ ಇದ್ದೇ ಇದೆ. ಆದರೆ ಆ ಕಾನೂನು ಬರಲೇಬೇಕಾದಂಥ ಹವೆಯನ್ನು ಇಪ್ಪತ್ತು ವರ್ಷ ಕಾಯ್ದುಕೊಂಡು ಬಂದವರು ಒಂದು ದಿನವೂ ಮಂತ್ರಿಯಾಗದ, ವಿರೋಧ ಪಕ್ಷದ ಸಾಲಿನಲ್ಲೇ ಕೂತಿದ್ದ ಒಬ್ಬ ಶಾಸಕರು, ಇದೇ ಗೋಪಾಲಗೌಡರು.

ಮೊದಲ ಋಣ ಸಾಗರ ತಾಲ್ಲೂಕಿನ ಹಳ್ಳಿ ಕಾಗೋಡಿನದು. ಅಲ್ಲಿನ ಜಗಳ ಶುರುವಾದದ್ದು ಒಂದು ಕೊಳಗದಿಂದ. ಸುಗ್ಗಿಯಾಗಿ ಭತ್ತ ಕಣದಲ್ಲಿ ಬಿದ್ದ ಕೂಡಲೇ ಮೊದಲು ಅಳೆಯುವುದು ಧಣಿಯ ಗೇಣಿ, ಉಳಿದದ್ದು ಗೇಣಿದಾರನ ಮನೆಗೆ. ಅಳೆಯುವ ಕೊಳಗವೂ ಧಣಿಯದೇ. ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹಿಡಿದರೆ ನೂರು ಕೊಳಗ ಗೇಣಿಗೆ ಐವತ್ತು ಸೇರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಮೇಲೆ ರಾಶಿಗಟ್ಟಿ ಅಳೆದರಂತೂ ಕೇಳುವುದೇ ಬೇಡ. ಇಷ್ಟಾದರೂ ರಸೀದಿ ಇಲ್ಲ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಈ ಅಳತೆಯನ್ನು ಪ್ರಶ್ನೆ ಮಾಡಿಸಿದರು. ಧಣಿಗಳು ಜಮೀನು ಬಿಡಿಸಲು ಹೊರಟಾಗ 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ತಂಡ ತಂಡವಾಗಿ ಗದ್ದೆಗಿಳಿಯುವುದು, ಉಳುವುದು, ದಸ್ತಗಿರಿಯಾಗುವುದು. ಒಂದು ತಂಡ ಜೈಲು ಸೇರಿದರೆ ಇನ್ನೊಂದು ತಂಡ. ಗೋಪಾಲಗೌಡರು ಮತ್ತು ಸಮಾಜವಾದಿ ಗೆಳೆಯರು ಇದರ ಮುಂದಾಳುಗಳಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಹಳ್ಳಿಯ ಕೊಳಗದ ತಕರಾರು ಹಾಗೆ ದೇಶದ ಸುದ್ದಿಯಾಯಿತು.

ಮರುವರ್ಷ, 1952ರ ಚುನಾವಣೆಯಲ್ಲಿ, ಸಾಗರ–ಹೊಸನಗರದ ಜನ ಗೋಪಾಲಗೌಡರನ್ನು ಮೈಸೂರು ವಿಧಾನಸಭೆಗೆ ಕಳಿಸಿದರು. ಆಗ ಅವರಿಗೆ ಇನ್ನೂ 29 ತುಂಬಿರಲಿಲ್ಲ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ವಿರೋಧ ಪಕ್ಷದ ಶಾಸಕನ ಕೈಲಿರುವ ಸಾಧನಗಳು ಕಡಿಮೆ: ಚುಕ್ಕೆ ಗುರುತಿನ ಪ್ರಶ್ನೆ, ನಿಲುವಳಿ ಸೂಚನೆ, ಬೇಡಿಕೆಗಳ ಮೇಲಿನ ಚರ್ಚೆ, ಖಾಸಗಿ ನಿರ್ಣಯ. ಇವುಗಳಿಂದ ಒಂದು ಕಾನೂನೂ ನೇರವಾಗಿ ಹುಟ್ಟುವುದಿಲ್ಲ. ಆದರೆ ಒಂದು ವಿಷಯ ಕಡತದಿಂದ ಅಳಿಸಿಹೋಗದಂತೆ ನೋಡಿಕೊಳ್ಳಬಹುದು. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಈ ಮೂರನ್ನು ಅವರು ಸದನದಲ್ಲಿ ಬಿಡದೆ ಹಿಡಿದರು. ಹೆಚ್ಚು ಕಷ್ಟದ ಕೆಲಸ ಇದೇ ಎಂಬುದು ನಮ್ಮ ಎಣಿಕೆ.

ಯಾಕೆಂದರೆ ನಡುವೆ ಬಂದ ಕಾನೂನು ಸಾಲಲಿಲ್ಲ. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ರಂದು. ‘ಸ್ವಂತ ಸಾಗುವಳಿಗೆ ಬೇಕು’ ಎಂದು ಧಣಿ ಜಮೀನು ವಾಪಸು ಕೇಳುವ ಬಾಗಿಲು ಅದರಲ್ಲಿ ತೆರೆದೇ ಇತ್ತು. ಬಾಯಿಮಾತಿನ ಗೇಣಿಯವನಿಗೆ ತಾನು ಗೇಣಿದಾರ ಎಂದು ತೋರಿಸುವ ಒಂದು ಚೀಟಿಯೂ ಇರಲಿಲ್ಲ. 1974ರ ತಿದ್ದುಪಡಿ ಈ ಬಾಗಿಲನ್ನೇ ಮುಚ್ಚಿತು: ಗೇಣಿ ಜಮೀನು ಮೊದಲು ಸರ್ಕಾರಕ್ಕೆ, ಅಲ್ಲಿಂದ ಅರ್ಜಿ ಹಾಕಿದ ಉಳುವವನಿಗೆ.

ಆ ಅರ್ಜಿಯೇ ಫಾರಂ ಏಳು. ಸರ್ವೆ ನಂಬರ್, ವಿಸ್ತೀರ್ಣ, ಧಣಿಯ ಹೆಸರು ಬರೆದು ತಹಶೀಲ್ದಾರ್ ಕಚೇರಿಗೆ ಕೊಡಬೇಕಿತ್ತು. ಮೊದಲ ಗಡುವು 1974ರ ಡಿಸೆಂಬರ್ 31. ಮುಂದೂಡುತ್ತಾ ಹೋಗಿ ಕೊನೆಯದು 1979ರ ಜೂನ್ 30. ವಿಚಾರಣೆ ಭೂನ್ಯಾಯ ಮಂಡಳಿಯಲ್ಲಿ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ನಾಮಕರಣಗೊಂಡ ನಾಲ್ವರು. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಓದು ಬಾರದವನು ತನ್ನ ಗದ್ದೆಯ ಬಗ್ಗೆ ತಾನೇ ಮಾತಾಡಬಹುದಿತ್ತು. ಕೇಸು ನಿಂತದ್ದು ಹಳೆಯ ಪಹಣಿಯ 12(2)ನೇ ಕಾಲಂ ಮೇಲೆ, ಅಂದರೆ ಸಾಗುವಳಿದಾರನ ಹೆಸರಿನ ಮೇಲೆ. ಅಲ್ಲಿ ಹೆಸರಿಲ್ಲದವರಿಗೆ ಅಕ್ಕಪಕ್ಕದ ಗದ್ದೆಯವರ ಸಾಕ್ಷಿಯೇ ಗತಿ. ಧಣಿಯ ಎದುರು ನಿಂತು ‘ಹೌದು, ಇವನೇ ಉಳುತ್ತಿದ್ದ’ ಎಂದ ಆ ನೆರೆಯವರಿಗೆ ಇಂದು ಬಹಿರಂಗವಾಗಿ ವಂದಿಸುತ್ತೇವೆ. ರಾತ್ರಿ ಲಾಟೀನು ಹಚ್ಚಿಕೊಂಡು ಅರ್ಜಿ ತುಂಬಿಕೊಟ್ಟ ಊರಿನ ಮೇಷ್ಟ್ರುಗಳಿಗೂ, ಸರ್ವೆ ನಂಬರ್ ತಪ್ಪದಂತೆ ನೋಡಿಕೊಟ್ಟ ಶ್ಯಾನುಭೋಗರಿಗೂ ವಂದನೆ.

ಎಡವಿದ್ದೂ ಉಂಟು. ಗದ್ದೆ ಬರೆಸಿ, ಅದಕ್ಕೆ ಹೊಂದಿದ ಖುಷ್ಕಿ (ನೀರಾವರಿ ಇಲ್ಲದ) ತುಂಡನ್ನು ಬಿಟ್ಟವರಿದ್ದಾರೆ. ಕೂಡು ಕುಟುಂಬದ ಅರ್ಜಿ ಹಿರಿಯಣ್ಣನ ಒಬ್ಬನ ಹೆಸರಲ್ಲಿ ಹೋದದ್ದರಿಂದ ಈಗಲೂ ಪಾಲಿನ ದಾವೆಗಳು ನಡೆಯುತ್ತಿವೆ. ಆದೇಶವಾದ ಮೇಲೂ ಫಾರಂ ಹತ್ತು (ಹಕ್ಕಿನ ಪ್ರಮಾಣಪತ್ರ) ತೆಗೆದುಕೊಳ್ಳದೆ, ಪೋಡಿ (ಅಳತೆ ಮಾಡಿ ಬೇರೆ ನಂಬರ್ ಕೊಡುವುದು) ಮಾಡಿಸದೆ ಉಳಿದ ಜಮೀನುಗಳಿವೆ. ‘ನಮ್ಮದು ಡಿಕ್ಲರೇಷನ್ ಆಸ್ತಿ’, ಅಂದರೆ ಫಾರಂ ಏಳರಿಂದ ಬಂದದ್ದು, ಎನ್ನುವವರು ಮಂಡಳಿಯ ಆದೇಶ, ಫಾರಂ ಹತ್ತು, ಮ್ಯುಟೇಶನ್ (ಖಾತೆ ಬದಲಾವಣೆ) ಮೂರರ ದೃಢೀಕೃತ ಪ್ರತಿಯನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಈಗಲೇ ತೆಗೆದಿಟ್ಟುಕೊಳ್ಳಲಿ. ಹಳೆಯ ಕಾಗದ ತಿನ್ನಲು ಗೆದ್ದಲು ಕಾಯುವುದಿಲ್ಲ.

ಗೋಪಾಲಗೌಡರು ಇದೇನನ್ನೂ ನೋಡಲಿಲ್ಲ. 1972ರ ಜೂನ್ 9ರಂದು, 49ರ ವಯಸ್ಸಿಗೆ, ತೀರಿಕೊಂಡರು. ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ಕ್ಕೆ, ಭೂಮಿ ಬಂದದ್ದು ಮತ್ತೆ ನಾಲ್ಕು ತಿಂಗಳಿಗೆ. ಹೊಗಳಿಕೆಯ ಮಾತು ಅವರಿಗೆ ಹೇಗೂ ಮುಟ್ಟುವುದಿಲ್ಲ. ಆದ್ದರಿಂದ ಕೊನೆಯ ನಮಸ್ಕಾರವನ್ನು 1952ರಲ್ಲಿ ಓಟು ಹಾಕಿದ ಗೇಣಿದಾರರಿಗೆ ಸಲ್ಲಿಸುತ್ತೇವೆ. ಗದ್ದೆ ಇನ್ನೂ ಧಣಿಯ ಹೆಸರಲ್ಲೇ ಇತ್ತು, ಮುಂದಿನ ಸುಗ್ಗಿಗೆ ಉಳುಮೆ ಸಿಗುತ್ತದೆಂಬ ಖಾತರಿ ಇರಲಿಲ್ಲ. ಆದರೂ ಅವರು ಮತಗಟ್ಟೆಗೆ ಹೋಗಿ, ಕಾಗೋಡಿನ ಗದ್ದೆಗಿಳಿದವರ ಜೊತೆಗಿದ್ದ ಹುಡುಗನನ್ನು ಆರಿಸಿ ಬಂದರು.