ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಆಟ ಕೇಳಿತು

ಮಾನ್ಯ ಸಂಪಾದಕರೇ,

ಮಕ್ಕಳು ವಿಡಿಯೊ ಗೇಮ್‌ಗಳಲ್ಲಿ ಮುಳುಗಿ ವಾಸ್ತವದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬ ಆತಂಕ ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನಾನು ಪೋಷಕರ ಸಭೆಗಳಲ್ಲಿ ಇದೇ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 2023ರಲ್ಲಿ ನಮ್ಮದೇ ಮನೆಯಲ್ಲಿ ನಡೆದ ಒಂದು ಸಂಗತಿಯ ನಂತರ ಆ ಮಾತನ್ನು ಅಷ್ಟು ಸಲೀಸಾಗಿ ಆಡಲು ನನ್ನಿಂದ ಆಗುತ್ತಿಲ್ಲ. ಸಂಬಂಧಪಟ್ಟ ಹುಡುಗನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಪಾಂಡವಪುರ ತಾಲ್ಲೂಕಿನಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ತಮ್ಮನ ಮಗ ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದ. ಅವನು ಎರಡನೇ ವರ್ಷಕ್ಕೆ ಬಂದ ಕೆಲವೇ ವಾರಗಳಲ್ಲಿ ಅವನ ತಾಯಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಅದು ಹೊಟ್ಟೆಯೆಲ್ಲ ಹರಡಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ತಮ್ಮ ನನ್ನ ಕೈ ಹಿಡಿದುಕೊಂಡು, ‘ಅವನಿಗೆ ಹೇಳ್ಬ್ಯಾಡ ಕಣಕ್ಕ, ಪರೀಕ್ಷೆ ಮುಗೀಲಿ’ ಎಂದ. ನಾನು ಒಪ್ಪಿದೆ. ಹುಡುಗನಿಗೆ ‘ಗಡ್ಡೆ, ಔಷಧಿಗೆ ಕರಗುತ್ತದೆ’ ಎಂದು ಹೇಳಿದೆವು. ಕೀಮೋಥೆರಪಿಯಿಂದ ಕೂದಲು ಉದುರಿದಾಗ ಅದಕ್ಕೂ ಒಂದು ಕಾರಣ ಹುಡುಕಿ ಹೇಳಿದೆವು. ತಮ್ಮ ಮಲೆ ಮಹದೇಶ್ವರನಿಗೆ ಹರಕೆ ಹೊತ್ತು ಬೆಟ್ಟಕ್ಕೆ ಹೋಗಿ ಬಂದ. ಅದನ್ನು ನಾನು ಪಲಾಯನವೆಂದು ಕರೆಯಲಾರೆ, ಏಕೆಂದರೆ ದೇವರ ಮುಂದೆ ನಿಂತಾಗಲಾದರೂ ಅವನು ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಿದ್ದ. ಮನೆಯೊಳಗೆ ಮಾತ್ರ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಹುಡುಗ ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಆಡತೊಡಗಿದ್ದು ಅದೇ ತಿಂಗಳುಗಳಲ್ಲಿ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದ ಪಬ್‌ಜಿ ಮೊಬೈಲ್, 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಬಂದು, 2022ರ ಜುಲೈನಲ್ಲಿ ಮತ್ತೆ ತಡೆಯಲ್ಪಟ್ಟು, 2023ರ ಮೇ ತಿಂಗಳಿನಲ್ಲಿ ಇನ್ನೊಮ್ಮೆ ಸಿಗತೊಡಗಿತ್ತು. ನೂರು ಜನ ಆಟಗಾರರು ಒಂದು ದ್ವೀಪಕ್ಕೆ ಇಳಿಯುತ್ತಾರೆ, ಸುತ್ತಲಿನ ವೃತ್ತ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆಲ್ಲುತ್ತಾರೆ. ಉಳಿದ ಅಷ್ಟೂ ಜನ ಸಾಯುತ್ತಾರೆ, ಆದರೆ ಮರುಕ್ಷಣವೇ ಹೊಸ ಪಂದ್ಯದಲ್ಲಿ ಎಲ್ಲರೂ ಎದ್ದು ಬರುತ್ತಾರೆ. ಆಗ ನನಗೆ ಕಂಡದ್ದು ಬಂದೂಕು, ಹಾಳಾಗುತ್ತಿರುವ ಕಣ್ಣು ಮತ್ತು ಕಿರುಪರೀಕ್ಷೆಗಳಲ್ಲಿ ಇಳಿಯುತ್ತಿರುವ ಅಂಕಗಳು ಮಾತ್ರ. ತಾಯಿ ಹಾಸಿಗೆ ಹಿಡಿದಿರುವ ಹದಿನೇಳರ ಹುಡುಗನಿಗೆ, ಸಾವು ಒಂದು ನಿಮಿಷಕ್ಕಿಂತ ಹೆಚ್ಚು ಉಳಿಯದ ಜಾಗವೊಂದು ಸಿಕ್ಕಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಮೊಬೈಲ್ ಕಿತ್ತುಕೊಂಡೆ, ಗದರಿದೆ, ವಾಸ್ತವವನ್ನು ಎದುರಿಸುವುದನ್ನು ಕಲಿ ಎಂದು ಬುದ್ಧಿ ಹೇಳಿದೆ. ಆ ವಾಸ್ತವವನ್ನು ಅವನಿಂದ ಬಚ್ಚಿಟ್ಟವರಲ್ಲಿ ನಾನೂ ಒಬ್ಬಳು.

ಮೊಬೈಲ್ ಹೋದ ಮೇಲೆ ಅವನು ಬೆಂಗಳೂರಿನಲ್ಲಿರುವ ನನ್ನ ಮಗ ಬಿಟ್ಟುಹೋದ ಹಳೆಯ ಕಂಪ್ಯೂಟರಿನ ಮುಂದೆ ಕುಳಿತ. ಅದರಲ್ಲಿ ‘ಪರ್ಸೋನಾ 5 ರಾಯಲ್’ ಎಂಬ ಜಪಾನಿನ ಆಟವಿತ್ತು. ಅಟ್ಲಸ್ ಎಂಬ ಸಂಸ್ಥೆ 2019ರಲ್ಲಿ ತಂದ ಈ ಆಟವನ್ನು ಮುಗಿಸಲು ನೂರು ಗಂಟೆಗೂ ಹೆಚ್ಚು ಹೊತ್ತು ಬೇಕು ಎಂದು ತಿಳಿದಾಗ ನನಗೆ ಎದೆ ಧಸಕ್ಕೆಂದಿತ್ತು. ಅದರ ಕಥೆಯನ್ನು ಮುಂದೆ ಅವನಿಂದಲೇ ಪೂರ್ತಿಯಾಗಿ ಹೇಳಿಸಿಕೊಂಡೆ. ಶಾಲೆಯ ಮಕ್ಕಳ ಆಪ್ತಸಮಾಲೋಚಕನಾಗಿ ಬರುವ ಮಾರುಕಿ ಎಂಬ ಮೃದು ಸ್ವಭಾವದ ಮನುಷ್ಯನೊಬ್ಬ ಕಥೆಯ ಕೊನೆಯ ಭಾಗದಲ್ಲಿ ಜಗತ್ತನ್ನೇ ಬದಲಿಸಿಬಿಡುವ ಶಕ್ತಿ ಪಡೆಯುತ್ತಾನೆ. ಒಂದು ಮುಂಜಾನೆ ಎಲ್ಲರ ಆಸೆಗಳೂ ಈಡೇರಿರುತ್ತವೆ. ಸತ್ತುಹೋಗಿದ್ದ ತಾಯಿಯೊಬ್ಬಳು ಮಗಳ ಪಕ್ಕದಲ್ಲಿ ನಗುತ್ತಾ ಕುಳಿತಿರುತ್ತಾಳೆ. ತನ್ನನ್ನು ಉಳಿಸಲು ಹೋಗಿ ಅಕ್ಕ ಅಪಘಾತದಲ್ಲಿ ಸತ್ತಳೆಂಬ ನೋವನ್ನು ತಾಳಲಾರದ ಹುಡುಗಿಯೊಬ್ಬಳಂತೂ, ತಾನೇ ಆ ಅಕ್ಕ ಎಂದು ನಂಬಿಕೊಂಡು ಬಹಳ ದಿನಗಳಿಂದ ಬದುಕುತ್ತಿರುತ್ತಾಳೆ. ಆ ನಂಬಿಕೆಯನ್ನು ಕೊಟ್ಟವನೂ ಮಾರುಕಿಯೇ. ಅವನು ದುಷ್ಟನಲ್ಲ. ತಾನು ಪ್ರೀತಿಸಿದ ಹೆಣ್ಣು ತಂದೆತಾಯಿಯ ಕೊಲೆಯ ಆಘಾತದಲ್ಲಿ ಮುರಿದುಹೋದದ್ದನ್ನು ಕಂಡವನು, ಅವಳ ನೋವನ್ನು ಅಳಿಸಲು ಹೋಗಿ ಅವಳ ನೆನಪಿನಿಂದ ತನ್ನನ್ನೂ ಅಳಿಸಿಕೊಂಡವನು. ಇನ್ನು ಯಾರೂ ಹಾಗೆ ನರಳಬಾರದು ಎಂಬುದಷ್ಟೇ ಅವನ ಹಂಬಲ. ಈ ಲೋಕವನ್ನು ಒಪ್ಪುತ್ತೀಯಾ, ಇಲ್ಲವೇ ನೋವಿರುವ ಹಳೆಯ ಲೋಕಕ್ಕೆ ಮರಳುತ್ತೀಯಾ ಎಂದು ಅವನು ಆಟಗಾರನನ್ನು ಕೇಳುತ್ತಾನೆ. ಒಪ್ಪಬಹುದು. ಒಪ್ಪಿದರೆ ಆಟ ಗದರುವುದಿಲ್ಲ, ಎಲ್ಲರೂ ಸಂತೋಷವಾಗಿರುವುದನ್ನು ತೋರಿಸಿ ಮುಗಿದುಹೋಗುತ್ತದೆ. ನಿರಾಕರಿಸಿದರೆ ಬೆಲೆ ತೆರಬೇಕು, ಏಕೆಂದರೆ ಆ ಸುಖದ ಲೋಕದಲ್ಲಿ ಬದುಕಿ ಬಂದ ಸತ್ತವರು ಮತ್ತೆ ಇಲ್ಲವಾಗುತ್ತಾರೆ. ಹಾಗೆ ಇಲ್ಲವಾಗಲಿರುವ ಅಕೆಚಿ ಎಂಬ ತರುಣನೇ, ಬೇರೆಯವರು ದಯಪಾಲಿಸಿದ ಸುಳ್ಳು ಬದುಕು ತನಗೆ ಬೇಡ ಎಂದು ಪಟ್ಟು ಹಿಡಿಯುತ್ತಾನೆ.

ಸೆಪ್ಟೆಂಬರ್‌ನ ಒಂದು ರಾತ್ರಿ, ಹನ್ನೊಂದು ಗಂಟೆ ದಾಟಿತ್ತು, ಹುಡುಗ ಅಡುಗೆಮನೆಗೆ ಬಂದು ನಿಂತ. ಇಷ್ಟು ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, ‘ನೀವಾಗಿದ್ರೆ ಏನಂತಿದ್ರಿ ಅತ್ತೆ?’ ಎಂದು ಕೇಳಿದ. ಮಾರನೆಯ ದಿನ ಆಸ್ಪತ್ರೆಗೆ ಒಯ್ಯಬೇಕಾದ ಗಂಜಿಯ ಪಾತ್ರೆ ತೊಳೆಯುತ್ತಿದ್ದ ನಾನು, ‘ಎಲ್ಲರೂ ಚೆನ್ನಾಗಿರೋದಾದ್ರೆ ಒಪ್ಕೊಂಡುಬಿಡೋದಪ್ಪ, ಅದರಲ್ಲಿ ತಪ್ಪೇನಿದೆ’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಒಪ್ಪಲಿಲ್ಲ ಅತ್ತೆ. ಅವ್ವನ ಫೈಲ್ ನೋಡಿವ್ನಿ’ ಎಂದ.

ಆಗಸ್ಟ್ ಮೊದಲ ವಾರದಲ್ಲೇ ಅವನು ಫೈಲನ್ನು ನೋಡಿದ್ದ. ಬಯಾಪ್ಸಿ ವರದಿಯ ಪದಗಳನ್ನು ಒಂದೊಂದಾಗಿ ಮೊಬೈಲ್‌ನಲ್ಲಿ ಹುಡುಕಿ ಓದಿದ್ದ. ನಾವು ಅವನಿಗಾಗಿ ನಗುಮುಖ ಹೊತ್ತು ತಿರುಗುತ್ತಿದ್ದಂತೆ, ನಾವು ನೊಂದುಕೊಳ್ಳಬಾರದೆಂದು ಅವನು ಗೊತ್ತಿಲ್ಲದವನಂತೆ ಇದ್ದ. ಒಂದೇ ಸೂರಿನಡಿ ಏಳು ವಾರ ಹೀಗೆ ಕಳೆದಿದ್ದವು. ಆ ಕಥೆಯ ಮಾರುಕಿ ಮಾಡಿದ ಕೆಲಸವನ್ನು ನಮ್ಮ ಮನೆಯಲ್ಲಿ ನಾವು ಮಾಡಿದ್ದೆವು, ಅವನಷ್ಟೇ ಪ್ರೀತಿಯಿಂದ. ಮಗ ತಾಳಲಾರ ಎಂದು ನಾವೇ ತೀರ್ಮಾನಿಸಿ, ಅವನ ತಾಯಿಯ ಸಾವಿನ ಸಂಗತಿಯಲ್ಲಿ ಅವನಿಗಿದ್ದ ಪಾಲನ್ನು ಅವನನ್ನು ಕೇಳದೆಯೇ ಕಿತ್ತುಕೊಂಡಿದ್ದೆವು. ಅವನನ್ನು ಕೇಳಿದ್ದು ಒಂದು ಆಟ.

ಮರುದಿನ ಬೆಳಿಗ್ಗೆ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಾಯಿಯ ಬಳಿ ಬಿಟ್ಟು, ನಾನು ಮತ್ತು ತಮ್ಮ ಹೊರಗೆ ಬೆಂಚಿನ ಮೇಲೆ ಕುಳಿತೆವು. ಒಳಗೆ ಏನು ಮಾತಾಯಿತೋ ನಾನು ಕೇಳಿಲ್ಲ. ‘ಇವತ್ತು ಎದೆ ಹಗುರಾಯ್ತು ಅಕ್ಕ’ ಎಂದಷ್ಟೇ ಅವಳು ಸಂಜೆ ನನಗೆ ಹೇಳಿದಳು. ಅವಳೂ ಮಗನಿಗೆ ಹೇಳಲು ಕಾದಿದ್ದಳು, ಗಂಡ ಬೇಡವೆಂದದ್ದಕ್ಕೆ ಬಾಯಿ ಕಟ್ಟಿಕೊಂಡಿದ್ದಳು. ಆಮೇಲೆ ಅವಳು ಬದುಕಿದ್ದು ಹತ್ತು ವಾರ. ಆ ಹತ್ತು ವಾರಗಳಲ್ಲಿ ಹುಡುಗ ಆಟವನ್ನು ಪೂರ್ತಿ ಬಿಡಲಿಲ್ಲ, ಆದರೆ ಆಡುತ್ತಿದ್ದಾಗ ತಾಯಿ ಕರೆದರೆ ಅರ್ಧಕ್ಕೇ ಎದ್ದು ಬರುತ್ತಿದ್ದ. ತಾಯಿ ಹೇಳಿದ ಬಸ್ಸಾರಿನ ಪಾಕವನ್ನು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದಾನೆ. ಊರಿನ ಮನೆಯಲ್ಲಿ ಇಂದಿಗೂ ಅದೇ ಅಳತೆಯಲ್ಲಿ ಬಸ್ಸಾರು ಮಾಡುತ್ತಾರೆ.

ಇದಾದ ಮೇಲೆ ನಾನು ಇಂಥ ಆಟಗಳ ಬಗ್ಗೆ ಕೇಳಿ, ನೋಡಿ ತಿಳಿದುಕೊಳ್ಳತೊಡಗಿದೆ. ಅಮೆರಿಕದ ರಯಾನ್ ಮತ್ತು ಏಮಿ ಗ್ರೀನ್ ದಂಪತಿ ಮಿದುಳಿನ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ತಮ್ಮ ಮಗು ಜೋಯೆಲ್ ಕುರಿತು ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಎಂಬ ಆಟವನ್ನು ಸಂಗಡಿಗರೊಂದಿಗೆ ರೂಪಿಸಿದರು. ಮಗು 2014ರ ಮಾರ್ಚ್‌ನಲ್ಲಿ ತೀರಿಕೊಂಡಿತು, ಆಟ 2016ರ ಜನವರಿಯಲ್ಲಿ ಬಂತು. ಅದರ ಒಂದು ದೃಶ್ಯದಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ಮಗು ಅಳುತ್ತಿರುತ್ತದೆ, ತಂದೆ ಏನೇನು ಮಾಡಿದರೂ ಅಳು ನಿಲ್ಲುವುದಿಲ್ಲ. ಸರಿಯಾದ ಗುಂಡಿ ಒತ್ತಿದರೆ ಎಲ್ಲವೂ ಬಗೆಹರಿಯುತ್ತದೆ ಎಂಬುದು ವಿಡಿಯೊ ಆಟಗಳು ಆಟಗಾರನ ಕೈಗೆ ಕಲಿಸಿದ ಮೊದಲ ಪಾಠ. ಇಲ್ಲಿ ಆ ಕೈಯೇ ಸೋಲುತ್ತದೆ. ತಮ್ಮನ ಹೆಂಡತಿಯ ಕೊನೆಯ ದಿನಗಳಲ್ಲಿ ನನ್ನ ಕೈಗೂ ಆದದ್ದು ಅದೇ, ಹಾಗಾಗಿ ಆ ದೃಶ್ಯವನ್ನು ನಾನು ಎರಡನೆಯ ಸಲ ನೋಡಲಾರದೆ ಹೋದೆ. ಪೋಲೆಂಡಿನ ‘ದಿಸ್ ವಾರ್ ಆಫ್ ಮೈನ್’ ಯುದ್ಧವನ್ನು ಸೈನಿಕನ ಕಡೆಯಿಂದ ತೋರಿಸದೆ, ಮುತ್ತಿಗೆಗೆ ಸಿಕ್ಕ ಊರಿನಲ್ಲಿ ಅನ್ನಕ್ಕೂ ಔಷಧಿಗೂ ಪರದಾಡುವ ಸಾಮಾನ್ಯರ ಕಡೆಯಿಂದ ತೋರಿಸುತ್ತದೆ. ಅದನ್ನು ಪ್ರೌಢಶಾಲಾ ಮಕ್ಕಳ ಪೂರಕ ಓದಿನ ಪಟ್ಟಿಗೆ ಸೇರಿಸುವುದಾಗಿ ಅಲ್ಲಿನ ಸರ್ಕಾರ 2020ರಲ್ಲಿ ಪ್ರಕಟಿಸಿತು.

ಮೈಸೂರಿನವರಾದ ನಮಗೆ ಆಟವೆಂದರೆ ಇಷ್ಟು ಅನುಮಾನ ಏಕೆ ಎಂಬುದೂ ನನಗೆ ಅರ್ಥವಾಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗ, ಗಂಜೀಫ ಮೊದಲಾದ ಆಟಗಳಿಗೆ ಮೀಸಲಿಟ್ಟಷ್ಟು ಮನಸ್ಸನ್ನು ಬೇರೆ ಯಾವ ಅರಸ ಮೀಸಲಿಟ್ಟನೋ ನಾನು ಕಾಣೆ. ಕುದುರೆಯೊಂದು ಚದುರಂಗದ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಅವರ ನಡೆಗಳನ್ನು ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬಿಡಿಸಿ ತೋರಿಸುತ್ತಿದ್ದೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅವರು ಆಟದಲ್ಲಿ ಮೈಮರೆತರು ಎಂದು ಹೇಳುವುದು ಸುಲಭ. ಆದರೆ ಅದೇ ಅರಸರು ರಾಜ್ಯವನ್ನು ಮರಳಿ ಕೊಡಿ ಎಂದು ಮನವಿಯ ಮೇಲೆ ಮನವಿ ಬರೆದರು, 1865ರಲ್ಲಿ ದತ್ತು ತೆಗೆದುಕೊಂಡು ವಂಶಕ್ಕೆ ರಾಜ್ಯದ ಹಕ್ಕು ಉಳಿಯುವಂತೆ ನೋಡಿಕೊಂಡರು, 1868ರಲ್ಲಿ ತೀರಿಕೊಂಡರು. ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಕಳೆದುಕೊಂಡದ್ದು ಏನೆಂಬುದನ್ನು ಅವರು ಒಂದು ದಿನವೂ ಮರೆತಂತೆ ಕಾಣುವುದಿಲ್ಲ.

ಎಲ್ಲ ಆಟವೂ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಮನೆಗಳನ್ನು ಮುಳುಗಿಸಿವೆ, ಅವುಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯನ್ನು ನಾನು ಸ್ವಾಗತಿಸುತ್ತೇನೆ. ಗೇಮಿಂಗ್ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೇಮಿಂಗ್ ಸೇರಿದಂತೆ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ಒಂದು ಚಿಕಿತ್ಸಾಲಯವಿದೆ. ಗಮನಿಸಬೇಕಾದದ್ದು, ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆ ಗಂಟೆಗಳನ್ನು ಎಣಿಸುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿದೆಯೇ, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುತ್ತಿದೆಯೇ, ಸಾಮಾನ್ಯವಾಗಿ ಒಂದು ವರ್ಷವಾದರೂ ಹೀಗೇ ಇದೆಯೇ ಎಂದು ಕೇಳುತ್ತದೆ. ನಾನು ಗಂಟೆಗಳನ್ನು ಮಾತ್ರ ಎಣಿಸಿದ್ದೆ. ಬಿಜಿಎಂಐಯ ಗಂಟೆಗಳೂ ಮಾರುಕಿಯ ಪ್ರಶ್ನೆಯ ಮುಂದೆ ಕುಳಿತ ಗಂಟೆಗಳೂ ನನ್ನ ಲೆಕ್ಕದಲ್ಲಿ ಒಂದೇ ಆಗಿದ್ದವು. ಗಣಿತದ ಶಿಕ್ಷಕಿಯಾಗಿ ನಾನು ಮಾಡಿದ ದೊಡ್ಡ ತಪ್ಪು ಲೆಕ್ಕ ಅದು.

ಆದ್ದರಿಂದ ಪತ್ರಿಕೆಯ ಮೂಲಕ ಒಂದು ಕೋರಿಕೆಯನ್ನು ಮುಂದಿಡುತ್ತೇನೆ. ಕ್ಯಾನ್ಸರ್ ಚಿಕಿತ್ಸೆಗಾಗಿ ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಎಷ್ಟೋ ಕುಟುಂಬಗಳು ಮೈಸೂರಿನ ಆಸ್ಪತ್ರೆಗಳಿಗೆ ಬರುತ್ತವೆ. ಅವರೊಂದಿಗೆ ಬಂದ ಮಕ್ಕಳು ಮೊಗಸಾಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿರುವುದನ್ನು ನಾನು ಆ ಐದು ತಿಂಗಳು ದಿನವೂ ಕಂಡಿದ್ದೇನೆ. ನಮ್ಮ ಹುಡುಗನೂ ಅವರಲ್ಲಿ ಒಬ್ಬನಾಗಿದ್ದ. ರೋಗಿಯ ಮಕ್ಕಳಿಗೆ ಸತ್ಯವನ್ನು ಹೇಗೆ, ಎಷ್ಟು, ಯಾವಾಗ ಹೇಳಬೇಕೆಂಬುದನ್ನು ಮನೆಯವರೊಂದಿಗೆ ಕುಳಿತು ಮಾತನಾಡಿ, ಬೇಕಾದರೆ ಮಗುವಿನ ಪಕ್ಕದಲ್ಲೂ ಕುಳಿತುಕೊಳ್ಳಬಲ್ಲ, ಕನ್ನಡ ಬಲ್ಲ ಆಪ್ತಸಮಾಲೋಚಕರೊಬ್ಬರನ್ನು ಕ್ಯಾನ್ಸರ್ ವಿಭಾಗವಿರುವ ಪ್ರತಿ ಆಸ್ಪತ್ರೆಯೂ ನೇಮಿಸಬೇಕು. ಪದವಿಪೂರ್ವ ಕಾಲೇಜುಗಳಲ್ಲಿ ಹಾಜರಾತಿ ಕುಸಿದ ವಿದ್ಯಾರ್ಥಿಯ ಪೋಷಕರನ್ನು ಕರೆಸಿದಾಗ ಮೊಬೈಲ್ ವಿಚಾರಕ್ಕೆ ಮೊದಲು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಬೇಕು. ನಮ್ಮನ್ನು ಯಾರಾದರೂ ಜುಲೈನಲ್ಲೇ ಹಾಗೆ ಕೇಳಿದ್ದರೆ ಆ ತಾಯಿಗೂ ಮಗನಿಗೂ ಇನ್ನೂ ಏಳು ವಾರ ಸಿಗುತ್ತಿದ್ದವು.

ಇತಿ,
ನಿವೃತ್ತ ಗಣಿತ ಶಿಕ್ಷಕಿ
ಕುವೆಂಪುನಗರ, ಮೈಸೂರು