ಪೋಷಕರಿಗೆ ಪತ್ರ: ಹತ್ತೂವರೆಯ ತಿಂಡಿ ಬಿಡುವಿನ ಬಗ್ಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಮೇಲಿನ ತರಗತಿಗಳಿಗೂ ಬೆಳಗ್ಗೆ ಹತ್ತೂವರೆಗೆ 15 ನಿಮಿಷ ತಿಂಡಿ ಬಿಡುವು ಇರುತ್ತದೆ ಎಂದು ಸುತ್ತೋಲೆ ಕಳಿಸಿದ್ದೆವು. ಅದಾದ ಮೇಲೆ ನನ್ನ ಮೇಜಿನ ಮೇಲೆ ಪತ್ರಗಳು ಬಂದು ಬೀಳುತ್ತಲೇ ಇವೆ. ಕೆಲವರು ಖುದ್ದಾಗಿ ಬಂದು ಮಾತಾಡಿದ್ದೀರಿ. ಕೆಲವರು ಸೇರಿ ಸಹಿ ಹಾಕಿ ಮನವಿಯನ್ನೂ ಕೊಟ್ಟಿದ್ದೀರಿ. ಎಲ್ಲವನ್ನೂ ಓದಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವುದಕ್ಕಿಂತ ಎಲ್ಲರಿಗೂ ಒಟ್ಟಿಗೇ ಬರೆಯುವುದು ವಾಸಿ ಅನಿಸಿತು.

ಮೊದಲು ಒಂದು ಮಾತು. ಬೆಳಗ್ಗೆ ಮಕ್ಕಳನ್ನು ಎಬ್ಬಿಸಿ, ಹೊರಡಿಸಿ, ಡಬ್ಬಿ ಕಟ್ಟಿ, ಆಮೇಲೆ ನೀವೂ ಕೆಲಸಕ್ಕೆ ಓಡಬೇಕು. ಅದು ಎಷ್ಟು ಕಷ್ಟ ಎಂದು ನಮಗೆ ಗೊತ್ತು. ಇನ್ನೊಂದು ಡಬ್ಬಿ ಕಟ್ಟಿ ಎಂದು ಸುಮ್ನೆ ಹೇಳುತ್ತಿಲ್ಲ.

ಮನವಿಯಲ್ಲಿ ಇರುವುದು ಮುಖ್ಯವಾಗಿ ಒಂದೇ ವಾದ. ಚಿಕ್ಕ ಮಕ್ಕಳಿಗೆ ಬಿಡುವು ಸರಿ, ಪರೀಕ್ಷೆಯ ವರ್ಷದಲ್ಲಿ ಇರುವವರಿಗೆ ಯಾಕೆ? ಆ 15 ನಿಮಿಷದಲ್ಲಿ ಒಂದು ಕಿರುಪರೀಕ್ಷೆ ಮುಗಿಸಬಹುದು. ಹೇಗೂ ದಿನವಿಡೀ ಬೆಂಚಿನ ಮೇಲೆ ಕೂತೇ ಇರುತ್ತಾರೆ. ಕೂತವರಿಗೆ ಎಷ್ಟು ತಿನ್ನಬೇಕು?

ಕೇಳಲು ಇದು ಸರಿ ಅನಿಸುತ್ತದೆ. ಬೆವರು ಬಂದರೆ ಶಕ್ತಿ ಖರ್ಚಾಯಿತು, ಬರದಿದ್ದರೆ ಉಳಿಯಿತು ಎಂದು ನಾವೆಲ್ಲರೂ ಲೆಕ್ಕ ಹಾಕುತ್ತೇವೆ. ದೇಹದ ಲೆಕ್ಕ ಬೇರೆ. ಒಬ್ಬ ಮನುಷ್ಯ ಏನೂ ಮಾಡದೆ ದಿನವಿಡೀ ಮಲಗಿದ್ದರೂ ದೇಹ ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಹೃದಯ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು, ಮೂತ್ರಪಿಂಡ ರಕ್ತ ಸೋಸಬೇಕು, ಹಳೆಯ ಜೀವಕೋಶ ಹೋಗಿ ಹೊಸದು ಬರಬೇಕು. ಬಹಳಷ್ಟು ಜನರಲ್ಲಿ ದಿನದ ಒಟ್ಟು ಖರ್ಚಿನ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಗುತ್ತದೆ. ಓಡಾಡದೆ ಕೂತು ಕೆಲಸ ಮಾಡುವವರಲ್ಲಿ ಈ ಪಾಲು ಶೇಕಡ 60ರಿಂದ 70. ತಿಂದದ್ದನ್ನು ಅರಗಿಸಿಕೊಳ್ಳಲು ಇನ್ನೊಂದು ಶೇಕಡ 10 ಬೇಕು. ಓಟ, ಆಟ, ಮೆಟ್ಟಿಲು ಹತ್ತುವುದು, ಚೀಲ ಹೊರುವುದು ಎಲ್ಲ ಬರುವುದು ಉಳಿದ ಪಾಲಿನಲ್ಲಿ.

ನಮ್ಮ ವಿಜ್ಞಾನ ಶಿಕ್ಷಕರು ಇದನ್ನು ತರಗತಿಯಲ್ಲಿ ಒಂದು ಹಳೆಯ ಪ್ರಯೋಗದಿಂದ ಶುರು ಮಾಡುತ್ತಾರೆ. 1780ರ ದಶಕದ ಮೊದಲ ವರ್ಷಗಳಲ್ಲಿ ಫ್ರಾನ್ಸ್‌ನ ಲಾವೋಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಐಸ್ ತುಂಬಿದ ಪಾತ್ರೆಯ ನಡುವಿನ ಗೂಡಿನಲ್ಲಿ ಕೂರಿಸಿದರು. ಎಷ್ಟು ಐಸ್ ಕರಗಿತು ಎಂದು ಅಳೆದರು. ಪ್ರಾಣಿ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು ಎಂದೂ ಅಳೆದರು. ಇದ್ದಿಲು ಉರಿದಾಗ ಬರುವ ಶಾಖದ ಜೊತೆ ಹೋಲಿಸಿ, ಉಸಿರಾಟ ಎಂದರೆ ನಿಧಾನವಾಗಿ ಉರಿಯುವುದೇ ಎಂದರು. ಆ ಇಲಿ ಓಡಲಿಲ್ಲ, ಕುಣಿಯಲಿಲ್ಲ. ಗೂಡಿನಲ್ಲಿ ಕೂತಿತ್ತು. ಐಸ್ ಕರಗಿತು. ಕೂತವರಿಗೆ ಎಷ್ಟು ಬೇಕು ಎಂದು ಕೇಳಿದವರಿಗೆ ನಾನು ಕೊಡುವ ಉತ್ತರವೂ ಇದೇ.

ಇನ್ನು ಮಿದುಳು. ದೊಡ್ಡವರಲ್ಲಿ ಅದರ ತೂಕ ದೇಹದ ಶೇಕಡ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಅದರ ಮುಖ್ಯ ಇಂಧನ ಗ್ಲೂಕೋಸ್, ಗಂಟೆಗೆ ಹತ್ತಿರ ಹತ್ತಿರ 5 ಗ್ರಾಂ. ಚಿಕ್ಕ ಮಕ್ಕಳ ಮಿದುಳು ಇನ್ನೂ ಜಾಸ್ತಿ ಕೇಳುತ್ತದೆ. ಐದು ವರ್ಷದ ಸುಮಾರಿಗೆ ಈ ಬೇಡಿಕೆ ತುತ್ತತುದಿಯಲ್ಲಿ ಇರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಹದಿಹರೆಯದಲ್ಲಿ ಅದು ಇನ್ನೂ ಇಳಿಯುವ ಹಾದಿಯಲ್ಲೇ ಇರುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾಳೆ ಯಾರಾದರೂ 'ಮಿದುಳಿನ ಪುಡಿ' ಎಂದು ಡಬ್ಬ ಕೊಂಡು ತರುತ್ತೀರಿ. ಕಷ್ಟದ ಲೆಕ್ಕ ಬಿಡಿಸಿದರೆ ಮಿದುಳಿನ ಖರ್ಚು ಏಕ್‌ದಂ ಏರುವುದಿಲ್ಲ. ಏರಿದರೂ ತೀರಾ ಅಲ್ಪ. ಕಿಟಕಿ ಕಡೆ ನೋಡುತ್ತ ಕೂತ ಹುಡುಗನ ಮಿದುಳೂ, ಪ್ರಮೇಯ ಬರೆಯುತ್ತಿರುವ ಹುಡುಗಿಯ ಮಿದುಳೂ ಹೆಚ್ಚುಕಮ್ಮಿ ಒಂದೇ ಲೆಕ್ಕದಲ್ಲಿ ಖರ್ಚು ಮಾಡುತ್ತವೆ. ಹಾಗಾಗಿ ಪರೀಕ್ಷೆಯ ಕಾಲಕ್ಕೆ ವಿಶೇಷ ಆಹಾರ ಯಾವುದೂ ಬೇಕಿಲ್ಲ. ಬೇಕಿರುವುದು ಮಾಮೂಲಿ ಊಟ, ಹೊತ್ತಿಗೆ ಸರಿಯಾಗಿ.

ಹೊತ್ತಿನ ಮಾತು ಯಾಕೆ ಬಂತು ಎಂದರೆ, ದೇಹದಲ್ಲಿ ಗ್ಲೂಕೋಸ್ ಕೂಡಿಡುವ ಜಾಗ ಕಡಿಮೆ. ದೊಡ್ಡವರ ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 100 ಗ್ರಾಂ ಇರುತ್ತದೆ. ಮಾಂಸಖಂಡಗಳಲ್ಲಿ ಇನ್ನೂ ಜಾಸ್ತಿ ಇದ್ದರೂ ಅವು ಅದನ್ನು ರಕ್ತಕ್ಕೆ ಬಿಟ್ಟುಕೊಡುವುದಿಲ್ಲ, ತಾವೇ ಬಳಸಿಕೊಳ್ಳುತ್ತವೆ. ರಾತ್ರಿಯಿಡೀ ಮಿದುಳಿಗೆ ಸಕ್ಕರೆ ಒದಗಿಸಿ ಬೆಳಗಾಗುವ ಹೊತ್ತಿಗೆ ಯಕೃತ್ತಿನ ದಾಸ್ತಾನು ಬಹಳಷ್ಟು ಕರಗಿರುತ್ತದೆ. ಮಕ್ಕಳ ಯಕೃತ್ತು ಇನ್ನೂ ಚಿಕ್ಕದು, ಅವರ ಮಿದುಳು ದೇಹಕ್ಕೆ ಹೋಲಿಸಿದರೆ ದೊಡ್ಡದು. ನಮ್ಮಲ್ಲಿ ಅನೇಕ ಮಕ್ಕಳು ಬಸ್ಸಿಗಾಗಿ ಬೇಗ ಮನೆ ಬಿಡುತ್ತಾರೆ. ಎರಡು ತುತ್ತು ತಿಂದವರಿದ್ದಾರೆ, ಬರೀ ಹಾಲು ಕುಡಿದು ಬಂದವರಿದ್ದಾರೆ, ಏನೂ ಇಲ್ಲದೆ ಬಂದವರೂ ಇದ್ದಾರೆ. ಮಧ್ಯಾಹ್ನದ ಊಟಕ್ಕೆ ಗಂಟೆಗಟ್ಟಲೆ ಕಾಯಬೇಕು.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಆರೋಗ್ಯವಾಗಿರುವ ಮಗು ಒಂದು ಹೊತ್ತು ತಿನ್ನದಿದ್ದರೆ ಏನೂ ಆಗಿಹೋಗುವುದಿಲ್ಲ. ದೇಹ ಕೊಬ್ಬನ್ನು ಉರಿಸುತ್ತದೆ, ಹೊಸದಾಗಿ ಗ್ಲೂಕೋಸ್ ತಯಾರಿಸುತ್ತದೆ, ಹೇಗೋ ನಡೆಸಿಕೊಂಡು ಹೋಗುತ್ತದೆ. ಬೆಳಗಿನ ತಿಂಡಿ ಮತ್ತು ಕಲಿಕೆಯ ಬಗ್ಗೆ ನಡೆದ ಅಧ್ಯಯನಗಳಲ್ಲೂ ಅಷ್ಟೇ. ಪೋಷಣೆ ಕಡಿಮೆ ಇರುವ ಮಕ್ಕಳಲ್ಲಿ ಲಾಭ ಎದ್ದು ಕಾಣುತ್ತದೆ. ಚೆನ್ನಾಗಿ ಉಂಡು ಬೆಳೆದವರಲ್ಲಿ ಫಲಿತಾಂಶ ಒಮ್ಮೆ ಹೀಗೆ, ಒಮ್ಮೆ ಹಾಗೆ. ಅಂಕ ಏರುತ್ತದೆ ಎಂದು ನಾನು ಮಾತು ಕೊಡುತ್ತಿಲ್ಲ. ಆದರೆ ಹೊಟ್ಟೆ ಕೂಗುತ್ತಿರುವ ಮಗು ಮೂರನೇ ಪಿರಿಯಡ್‌ನಲ್ಲಿ ಪಾಠ ಕೇಳುತ್ತದೋ ಗಡಿಯಾರ ನೋಡುತ್ತದೋ, ಅದನ್ನು ನಮ್ಮ ಶಿಕ್ಷಕರು ದಿನಾ ನೋಡುತ್ತಾರೆ.

ಮೊನ್ನೆ ಪ್ರಾರ್ಥನೆಯ ವೇಳೆ ಒಬ್ಬ ವಿದ್ಯಾರ್ಥಿನಿಗೆ ತಲೆಸುತ್ತು ಬಂದ ವಿಷಯ ನಿಮ್ಮಲ್ಲಿ ಹಲವರ ಕಿವಿಗೆ ಬಿದ್ದಿದೆ. ತರಗತಿ ಶಿಕ್ಷಕಿ 'ಬೆಳಗ್ಗೆ ಏನು ತಿಂದೆ?' ಎಂದು ಕೇಳಿದ್ದಕ್ಕೆ ಆಕ್ಷೇಪ ಬಂದಿದೆ. ಮನೆಯವರು ಊಟ ಹಾಕುವುದಿಲ್ಲ ಎಂಬ ಅರ್ಥ ಬರುತ್ತದೆ ಎಂದು. ಶಿಕ್ಷಕಿ ಅದನ್ನು ಕೇಳಿದ್ದು ಶಿಕ್ಷಕರ ಕೋಣೆಯಲ್ಲಿ, ಮಗುವನ್ನು ಕೂರಿಸಿಕೊಂಡು, ಬೇರೆ ಮಕ್ಕಳ ಮುಂದಲ್ಲ. ತಲೆಸುತ್ತಿದವರಿಗೆ ಯಾರೇ ಆಗಲಿ ಕೇಳುವ ಮೊದಲ ಪ್ರಶ್ನೆ ಅದೇ ಅಲ್ವಾ? ಅದರಲ್ಲಿ ಯಾವ ಆರೋಪವೂ ಇರಲಿಲ್ಲ. ಮುಂದೆಯೂ ಕೇಳುತ್ತೇವೆ.

ಒಬ್ಬ ತಂದೆಯವರು ಬಹಳ ಶ್ರಮಪಟ್ಟು ಫೋನಿನ ಆ್ಯಪ್‌ನಲ್ಲಿ ಲೆಕ್ಕ ಹಾಕಿ, ತಮ್ಮ ಮಗಳಿಗೆ ದಿನಕ್ಕೆ 1,200 ಕ್ಯಾಲೊರಿ ಸಾಕು ಎಂದು ಬರೆದಿದ್ದಾರೆ. ಹುಡುಗಿಗೆ ಹದಿನಾಲ್ಕು. ಕಾಳಜಿಯಿಂದಲೇ ಬರೆದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಈ ಸಂಖ್ಯೆ ನೋಡಿ ನನಗೆ ನಿಜಕ್ಕೂ ಗಾಬರಿಯಾಯಿತು. ಇಂಥ ಆ್ಯಪ್‌ಗಳು ಹೆಚ್ಚಾಗಿ ಬಳಸುವ ಸೂತ್ರಗಳು ವಯಸ್ಕರನ್ನು ಅಳೆದು ಮಾಡಿದವು. ತೂಕ ಇಳಿಸಬೇಕು ಎಂದು ಒತ್ತಿದರೆ ಅದರಲ್ಲೂ ಕಳೆದು ತೋರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸೇರಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ವಯಸ್ಸಿನ ಹುಡುಗಿಗೆ ದಿನಕ್ಕೆ ಸುಮಾರು 2,400 ಕಿಲೋಕ್ಯಾಲೊರಿ ಎಂದಿದೆ. ಹುಡುಗರಿಗೆ 3,000ದ ಹತ್ತಿರ. ಆಟಕ್ಕೇ ಹೋಗದ, ಪುಸ್ತಕ ಬಿಟ್ಟು ಏಳದ ಹುಡುಗಿಗೂ ಅದು 2,000 ದಾಟುತ್ತದೆ. ಇವು ಸರಾಸರಿ. ಎತ್ತರ, ತೂಕ, ಓಡಾಟ ನೋಡಿ ಒಬ್ಬೊಬ್ಬರಿಗೆ ಹೆಚ್ಚುಕಮ್ಮಿ ಆಗುತ್ತದೆ. ಆದರೆ 1,200 ಅಲ್ಲ. (ನಾವು ಆಡುಮಾತಿನಲ್ಲಿ ಕ್ಯಾಲೊರಿ ಎನ್ನುವುದೇ ಈ ಕಿಲೋಕ್ಯಾಲೊರಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖ.)

'ಬೆಳೆಯುವ ಮಕ್ಕಳಿಗೆ ಬೆಳೆಯಲು ಬೇಕು' ಎಂದು ನಾವೂ ಹೇಳುತ್ತೇವೆ. ಸ್ವಾರಸ್ಯ ಎಂದರೆ, ಬೆಳವಣಿಗೆಗೇ ಎಂದು ಖರ್ಚಾಗುವ ಶಕ್ತಿ ಈ ವಯಸ್ಸಿನಲ್ಲಿ ಶೇಕಡ 1 ಅಥವಾ 2 ಮಾತ್ರ. ಉಳಿದದ್ದೆಲ್ಲ ಈಗಿರುವ ದೇಹವನ್ನು ನಡೆಸಲು. ಹಾಗೆಂದು ಬೆಳವಣಿಗೆ ಸಣ್ಣ ಮಾತಲ್ಲ. ವಯಸ್ಕರ ಮೂಳೆಯಲ್ಲಿರುವ ಖನಿಜದ ಸುಮಾರು ಕಾಲು ಭಾಗ ಹದಿಹರೆಯದ ಎರಡೇ ವರ್ಷಗಳಲ್ಲಿ ಸೇರುತ್ತದೆ. ಮುಟ್ಟು ಶುರುವಾದ ಹುಡುಗಿಯರಿಗೆ ಕಬ್ಬಿಣದ ಅಂಶ ಜಾಸ್ತಿ ಬೇಕು. ಕ್ಯಾಲೊರಿ ಸರಿಯಾಗಿದ್ದು ಕಬ್ಬಿಣ ಕಡಿಮೆಯಾದರೂ ಸುಸ್ತು, ತಲೆಸುತ್ತು ಬರುತ್ತದೆ. ಊಟ ಅರ್ಧ ಮಾಡಿದರೆ ಇವೂ ಅರ್ಧ ಆಗುತ್ತವೆ.

ಊಟ ಅರ್ಧ ಮಾಡಿದರೆ ಮನಸ್ಸಿಗೆ ಏನಾಗುತ್ತದೆ ಎಂಬುದಕ್ಕೂ ಒಂದು ಪ್ರಯೋಗ ಇದೆ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಅವರ ತಂಡ 36 ಮಂದಿ ಗಟ್ಟಿಮುಟ್ಟಾದ ಯುವಕರಿಗೆ, ಅವರ ಒಪ್ಪಿಗೆಯ ಮೇಲೆ, ಸುಮಾರು ಆರು ತಿಂಗಳು ಅರ್ಧ ಹೊಟ್ಟೆಯ ಊಟ ಕೊಟ್ಟಿತು. ದಿನಕ್ಕೆ 1,600 ಕಿಲೋಕ್ಯಾಲೊರಿಯ ಆಸುಪಾಸು. ತೂಕ ಕಾಲು ಭಾಗದಷ್ಟು ಇಳಿಯಿತು. ದೇಹ ತನ್ನ ಖರ್ಚನ್ನೂ ಕಡಿತ ಮಾಡಿತು. ಸದಾ ಚಳಿ, ಸುಸ್ತು, ಸಿಡುಕು. ಓದಲು ಕೂತರೆ ಗಮನ ನಿಲ್ಲುತ್ತಿರಲಿಲ್ಲ, ತಲೆತುಂಬ ಊಟದ್ದೇ ಯೋಚನೆ. ಅವರು ಬೆಳೆದು ನಿಂತ ಗಂಡಸರು. ನಮ್ಮ ಮಕ್ಕಳು ಇನ್ನೂ ಬೆಳೆಯುತ್ತಿದ್ದಾರೆ. ತೂಕದ ಬಗ್ಗೆ ಚಿಂತೆ ಇದ್ದರೆ ದಯವಿಟ್ಟು ವೈದ್ಯರ ಹತ್ತಿರ ಮಾತಾಡಿ. ಆ್ಯಪ್ ಹತ್ತಿರ ಬೇಡ, ಪಕ್ಕದ ಮನೆಯವರ ಹತ್ತಿರವೂ ಬೇಡ. ಶಾಲೆಯಲ್ಲಿ ಯಾವ ಮಗುವಿನ ಮೈಕಟ್ಟಿನ ಬಗ್ಗೆ ಯಾರೂ ಮಾತಾಡಬಾರದು ಎಂಬ ನಿಯಮ ಶಿಕ್ಷಕರಿಗೂ ಅನ್ವಯಿಸುತ್ತದೆ.

'ನಮಗೂ ಆ ವಯಸ್ಸಿನಲ್ಲಿ ಎಷ್ಟು ತಿಂದರೂ ಆಗುತ್ತಿತ್ತು, ಮೂವತ್ತು ದಾಟಿದ ಮೇಲೆ ಮೆಟಬಾಲಿಸಂ ನಿಧಾನವಾಯಿತು' ಎಂದು ಒಬ್ಬರು ಬರೆದಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆ ಸೇರಿಸಿ 2021ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಮೈಯ ಗಾತ್ರಕ್ಕೆ ತಕ್ಕಂತೆ ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಶಕ್ತಿಯ ಖರ್ಚು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ. ಅದು ಅತಿ ಜಾಸ್ತಿ ಇರುವುದು ಒಂದು ವರ್ಷದ ಕೂಸಿಗೆ, ದೊಡ್ಡವರಿಗಿಂತ ಸುಮಾರು ಶೇಕಡ 50ರಷ್ಟು ಹೆಚ್ಚು. ಅಲ್ಲಿಂದ ಇಪ್ಪತ್ತರವರೆಗೆ ಮೆಲ್ಲಗೆ ಇಳಿಯುತ್ತದೆ. ಅಂದರೆ ನಮ್ಮ ನಡುವಯಸ್ಸಿನ ಹೊಟ್ಟೆಗೆ ಬೇರೆ ಕಾರಣ ಹುಡುಕಬೇಕು. ನನ್ನದೂ ಸೇರಿಸಿ.

ಇಷ್ಟೆಲ್ಲ ಬರೆದರೂ ಕೆಲವರಿಗೆ ಒಪ್ಪಿಗೆಯಾಗದೆ ಇರಬಹುದು. ಅರ್ಥವಾಗುತ್ತದೆ. ಪರೀಕ್ಷೆಯ ವರ್ಷದಲ್ಲಿ ಒಂದೊಂದು ನಿಮಿಷವೂ ಅಮೂಲ್ಯ ಅನಿಸುತ್ತದೆ. ನಿಮ್ಮ ಮಾತಿಗೆ ಬೆಲೆ ಕೊಟ್ಟೇ ಕಿರುಪರೀಕ್ಷೆಯನ್ನು ಕೊನೆಯ ಪಿರಿಯಡ್‌ಗೆ ಹಾಕಿದ್ದೇವೆ, ಕೈಬಿಟ್ಟಿಲ್ಲ. ಆದರೆ ಬಿಡುವು ಇರುತ್ತದೆ. ಎಲ್ಲ ತರಗತಿಗಳಿಗೂ ಇರುತ್ತದೆ. ಆ 15 ನಿಮಿಷದಲ್ಲಿ ಪಾಠ ಮುಂದುವರಿಸಬೇಡಿ ಎಂದು ಶಿಕ್ಷಕರಿಗೂ ಹೇಳಿದ್ದೇನೆ. ಹಸಿವಿಲ್ಲದ ಮಗುವಿಗೆ ಯಾರೂ ಬಲವಂತ ಮಾಡುವುದಿಲ್ಲ. ಅವರು ಸುಮ್ನೆ ಕೂರಬಹುದು, ಹರಟೆ ಹೊಡೆಯಬಹುದು. ಪುಸ್ತಕ ತೆರೆಯುವುದಕ್ಕೂ ಅಡ್ಡಿಯಿಲ್ಲ. ಆದರೆ ತಿನ್ನಬೇಕು ಅನಿಸಿದ ಮಗುವಿಗೆ ತಿನ್ನಲು ಹೊತ್ತು ಸಿಗಲೇಬೇಕು.

ಸೋಮವಾರದಿಂದ ಚೀಲದಲ್ಲಿ ಒಂದು ಸಣ್ಣ ಡಬ್ಬಿ ಇಟ್ಟು ಕಳಿಸಿ.

ಏನು ಹಾಕಬೇಕು ಎಂದು ಪಟ್ಟಿ ಕೇಳಿದ್ದೀರಿ. ಪಟ್ಟಿ ಕೊಡುವುದಿಲ್ಲ, ನಿಮ್ಮ ಅಡುಗೆಮನೆ ನಿಮಗೇ ಗೊತ್ತು. ಸಿಹಿಯೊಂದೇ ಆದರೆ ಬೇಗ ಹಸಿವಾಗುತ್ತದೆ. ಜೊತೆಗೆ ಕಾಳು, ಬೀಜ, ಮೊಟ್ಟೆ, ಮೊಸರು ಹೀಗೆ ಪ್ರೊಟೀನ್ ಇರುವ ಏನಾದರೂ ಇದ್ದರೆ ಊಟದವರೆಗೆ ತಡೆಯುತ್ತದೆ. ಹಣ್ಣಿನ ಚೂರುಗಳೂ ಆದೀತು. ಎನರ್ಜಿ ಡ್ರಿಂಕ್ ಮಾತ್ರ ಶಾಲೆಯೊಳಗೆ ಬರಬಾರದು. ಅದರ ಹೆಸರಲ್ಲಿರುವ ಎನರ್ಜಿ ಬರೀ ಸಕ್ಕರೆಯದು. ಜೊತೆಗಿರುವ ಕೆಫೀನ್ ಶಕ್ತಿ ಕೊಡುವುದಿಲ್ಲ, ಸುಸ್ತನ್ನು ಗೊತ್ತಾಗದಂತೆ ಮಾಡುತ್ತದೆ, ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ. ಈ ವಿಷಯದಲ್ಲಿ ಚೌಕಾಸಿ ಇಲ್ಲ.

ಮಧುಮೇಹ ಇರುವ, ಅಲರ್ಜಿ ಇರುವ ಅಥವಾ ವೈದ್ಯರು ಬೇರೆ ಪಥ್ಯ ಹೇಳಿರುವ ಮಕ್ಕಳ ಪೋಷಕರು ಈ ವಾರದೊಳಗೆ ವೈದ್ಯರ ಚೀಟಿಯೊಂದಿಗೆ ತರಗತಿ ಶಿಕ್ಷಕರನ್ನು ಕಾಣಿ. ಡಬ್ಬಿ ಕಳಿಸುವುದು ಕಷ್ಟ ಎನ್ನುವವರು ನೇರವಾಗಿ ನನ್ನನ್ನೇ ಕಾಣಿ. ಕಾರಣ ಕೇಳುವುದಿಲ್ಲ, ಶಾಲೆಯಲ್ಲೇ ವ್ಯವಸ್ಥೆ ಮಾಡುತ್ತೇವೆ, ಬೇರೆ ಮಕ್ಕಳಿಗೆ ಗೊತ್ತಾಗುವುದೂ ಇಲ್ಲ.

ಇಂತಿ,
ಮುಖ್ಯ ಶಿಕ್ಷಕಿ